ಕೋವಿಡ್-19 ಕಾಲದಲ್ಲಿ ವಲಸೆ ಕಾರ್ಮಿಕರು ಮತ್ತು ದುಡಿಯುವ ಹೆಣ್ಣುಮಕ್ಕಳು

ಭಾರತದ ವಲಸೆ ಕಾರ್ಮಿಕರನ್ನೂ ದುಡಿಯುವ ಹೆಣ್ಣುಮಕ್ಕಳನ್ನೂ 2020ರಲ್ಲಿ ಮೊದಲು ಹೊಡೆದದ್ದು ರೋಗವಲ್ಲ, ಲಾಕ್‌ಡೌನ್. ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷದ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿತು. ಮರುದಿನವೇ ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಿಂದ ವರದಿಯಾಯಿತು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ದೂರದರ್ಶನದಲ್ಲಿ ಮಾತಾಡಿದರು. ಆ ಮಧ್ಯರಾತ್ರಿಯಿಂದ 21 ದಿನ ದೇಶಕ್ಕೆ ಬೀಗ. ಸಿದ್ಧವಾಗಲು ಸಿಕ್ಕಿದ್ದು ನಾಲ್ಕು ತಾಸು. ದಿನಗೂಲಿ ನಂಬಿ ಊರು ಬಿಟ್ಟವರಿಗೆ ಆ ನಾಲ್ಕು ತಾಸಿನಲ್ಲಿ ಅಂಗಡಿಗೆ ಹೋಗಿ ವಾರದ ಅಕ್ಕಿ ತರುವಷ್ಟು ಹಣವೂ ಕೈಯಲ್ಲಿರಲಿಲ್ಲ.

ಮುಂದಿನ ದಿನಗಳಲ್ಲಿ ಸರ್ಕಾರಗಳು ಅಕ್ಕಿ, ಹಣ, ರೈಲು, ಬಸ್ಸು ಎಲ್ಲವನ್ನೂ ಕೊಟ್ಟವು. ಆದರೆ ಕೊಟ್ಟದ್ದೆಲ್ಲ ಯಾವುದಾದರೊಂದು ಪಟ್ಟಿ ನೋಡಿ ಕೊಟ್ಟದ್ದು. ಪಡಿತರ ಚೀಟಿಯ ಪಟ್ಟಿ, ಜನಧನ್ ಖಾತೆಯ ಪಟ್ಟಿ, ಕಟ್ಟಡ ಕಾರ್ಮಿಕರ ಮಂಡಳಿಯ ಪಟ್ಟಿ, ಪೋರ್ಟಲ್‌ನಲ್ಲಿ ನೋಂದಾಯಿಸಿದವರ ಪಟ್ಟಿ. ವಲಸಿಗನ ಹೆಸರು ಇರುವುದು ಊರಿನ ಪಟ್ಟಿಯಲ್ಲಿ, ಅವನಿರುವುದು ಪಟ್ಟಣದಲ್ಲಿ. ಹೆಂಗಸಿನ ದುಡಿಮೆಯಂತೂ ಎಷ್ಟೋ ಕಡೆ ಗಂಡನ ಹೆಸರಿನಲ್ಲೇ ಮುಗಿದುಹೋಗುತ್ತದೆ. ಇವರಿಬ್ಬರೂ ಬೇರೆ ಬೇರೆ ಸಂಕಟಕ್ಕೆ ಸಿಕ್ಕವರಂತೆ ಕಂಡರೂ ಸಂಕಟದ ಬೇರು ಒಂದೇ: ಲೆಕ್ಕಕ್ಕೆ ಸಿಗದಿರುವುದು. ವಲಸೆ ಬಂದ ಹೆಂಗಸು ಎರಡು ಕಡೆಯಿಂದಲೂ ಲೆಕ್ಕ ತಪ್ಪಿದವಳು.

ಲೆಕ್ಕದಲ್ಲಿ ವಲಸೆ

2011ರ ಜನಗಣತಿಯ ಪ್ರಕಾರ ದೇಶದೊಳಗಿನ ವಲಸಿಗರು ಸುಮಾರು 45 ಕೋಟಿ. ಜನಸಂಖ್ಯೆಯ ಶೇ. 37ರಷ್ಟಿರುವ ಇವರಲ್ಲಿ ಅತಿ ದೊಡ್ಡ ಗುಂಪು ಮದುವೆಯಾಗಿ ಗಂಡನ ಮನೆ ಸೇರಿದ ಹೆಣ್ಣುಮಕ್ಕಳು. 2020-21ರ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯೂ ಇದನ್ನೇ ಹೇಳುತ್ತದೆ: ಮಹಿಳೆಯರಲ್ಲಿ ಶೇ. 47.9 ಮಂದಿ ವಲಸಿಗರು, ಗಂಡಸರಲ್ಲಿ ಶೇ. 10.7. ವಲಸೆ ಬಂದ ಮಹಿಳೆಯರಲ್ಲಿ ಶೇ. 86.8 ಮಂದಿ ಮದುವೆಯನ್ನೇ ಕಾರಣವಾಗಿ ಹೇಳಿದ್ದಾರೆ. ಕಾರಣದ ಕಲಂ ಒಂದೇ ಇರುವುದರಿಂದ ಬರುವ ತೊಡಕು ಇದು. ಯಾದಗಿರಿಯಿಂದ ಗಂಡನ ಜೊತೆ ಬೆಂಗಳೂರಿಗೆ ಬಂದು ಅವನಷ್ಟೇ ಜಲ್ಲಿ ಹೊರುವವಳೂ ಈ ಲೆಕ್ಕದಲ್ಲಿ ಸಂಸಾರ ಹೂಡಲು ಬಂದವಳೇ.

ಉತ್ತರ ಕರ್ನಾಟಕದ ಗುಳೆ ಇದಕ್ಕೆ ಒಳ್ಳೆಯ ಉದಾಹರಣೆ. ಸುಗ್ಗಿ ಮುಗಿದ ಮೇಲೆ ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯ ಹಳ್ಳಿಗಳಲ್ಲಿ, ಲಂಬಾಣಿ ತಾಂಡಾಗಳಲ್ಲಿ ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳಷ್ಟೇ ಉಳಿಯುತ್ತಾರೆ. ಮಿಕ್ಕವರು ಬೆಂಗಳೂರು, ಮುಂಬೈ, ಪುಣೆ, ಗೋವಾ ಸೇರುತ್ತಾರೆ. ಕಬ್ಬು ಕಡಿಯುವ ತಂಡಗಳಲ್ಲಿ ಮೇಸ್ತ್ರಿ ಮುಂಗಡ ಕೊಡುವುದು ಜೋಡಿಗೆ. ಗಂಡ ಕಡಿಯುತ್ತಾನೆ, ಹೆಂಡತಿ ಸೂಡು ಕಟ್ಟಿ, ಹೊತ್ತು, ಗಾಡಿಗೆ ಏರಿಸುತ್ತಾಳೆ. ಲೆಕ್ಕದ ಪುಸ್ತಕದಲ್ಲಿ ಹೆಸರು ಒಂದೇ. ಕಟ್ಟಡದ ಕೆಲಸದಲ್ಲಿ ಗಾರೆಯವನಿಗೊಂದು ಕೂಲಿ, ಅವನಿಗೆ ಸಿಮೆಂಟು ಕಲಸಿಕೊಡುವವಳಿಗೆ ಅದಕ್ಕಿಂತ ಕಡಿಮೆ ಕೂಲಿ, ಎರಡನ್ನೂ ಶನಿವಾರ ಸಂಜೆ ಗಂಡನ ಕೈಗೇ ಎಣಿಸುವುದು ಸಾಮಾನ್ಯ. ಕೆಲಸ ನಡೆಯುವ ಜಾಗದ ಪಕ್ಕದಲ್ಲೇ ತಗಡಿನ ಶೆಡ್ಡು. ಒಂದು ನಲ್ಲಿ, ಎರಡೋ ಮೂರೋ ಕಕ್ಕಸು, ಮಗುವಿಗೆ ಸೀರೆಯ ಜೋಲಿ. ಮನೆಯಲ್ಲಿಯೇ ಇರಿ, ಆಗಾಗ ಕೈ ತೊಳೆಯಿರಿ, ಅಂತರ ಕಾಯ್ದುಕೊಳ್ಳಿ ಎಂಬ ಮೊಬೈಲಿನ ಧ್ವನಿ ಆ ಶೆಡ್ಡುಗಳಲ್ಲೂ ದಿನಕ್ಕೆ ಹತ್ತಾರು ಸಲ ಕೇಳಿಸುತ್ತಿತ್ತು.

ಇವರಿಗಾಗಿ ಕಾನೂನು ಇರಲಿಲ್ಲವೆಂದಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲೇ ಬಂದಿತ್ತು. ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಕಾರ್ಮಿಕರ ಹೆಸರು ಬರೆದಿಡಬೇಕು, ಊರಿಗೆ ಹೋಗಿಬರುವ ಭತ್ಯೆ ಕೊಡಬೇಕು ಎಂದು ಅದು ಹೇಳುತ್ತಿತ್ತು. ಅದು ಸರಿಯಾಗಿ ಜಾರಿಯಾಗಿದ್ದರೆ 2020ರ ಮಾರ್ಚ್‌ನಲ್ಲಿ ಯಾವ ಊರಿನವರು ಎಲ್ಲಿ ಎಷ್ಟು ಮಂದಿ ಸಿಕ್ಕಿಕೊಂಡಿದ್ದಾರೆ ಎಂಬ ಪಟ್ಟಿ ಪ್ರತಿ ಜಿಲ್ಲೆಯ ಕಾರ್ಮಿಕ ಇಲಾಖೆಯಲ್ಲೂ ಸಿದ್ಧವಿರುತ್ತಿತ್ತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಂತೆ ನಿರ್ಮಾಣ ವೆಚ್ಚದ ಶೇ. 1ರಷ್ಟು ಸೆಸ್ ಸಂಗ್ರಹವಾಗಿ ಮಂಡಳಿಗಳಲ್ಲಿ ಸಾವಿರಾರು ಕೋಟಿ ಕೂತಿತ್ತು. ಅದನ್ನು ಪಡೆಯಲು ನೋಂದಣಿ ಬೇಕಿತ್ತು.

ಹಿಂದಿನ ಪಿಡುಗುಗಳು

ಕೆಲಸಗಾರರು ಊರು ಬಿಟ್ಟೋಡುವುದು ಹೊಸದೇನಲ್ಲ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಗಿರಣಿ ಕಾರ್ಮಿಕರು ಸೇರಿದಂತೆ ಲಕ್ಷಾಂತರ ಮಂದಿ ಕೆಲವೇ ತಿಂಗಳಲ್ಲಿ ನಗರ ತೊರೆದರು. ಆಗ ರೈಲು ನಿಲ್ದಾಣದ ಪ್ಲಾಟ್‌ಫಾರಮ್ಮಿನಲ್ಲೇ ಹೆಂಗಸರನ್ನು ಮುಟ್ಟಿ ತಪಾಸಣೆ ಮಾಡಿದ್ದು ದೊಡ್ಡ ರೊಚ್ಚಿಗೆ ಕಾರಣವಾಯಿತು. ಎರಡೇ ವರ್ಷದಲ್ಲಿ ಪ್ಲೇಗ್ ರೈಲಿನ ಜೊತೆಗೇ ಬೆಂಗಳೂರು ತಲುಪಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆ ಕಾಲದ ಕೂಸುಗಳು. ಅಂದು ಬ್ರಿಟಿಷರು ಮಾಡಿದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಬಳಸಲಾಯಿತು. 1918ರ ಇನ್‌ಫ್ಲುಯೆನ್ಜಾದಲ್ಲಿ ಭಾರತದ ಹೆಂಗಸರು ಗಂಡಸರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಸತ್ತರು. ಅರೆಹೊಟ್ಟೆಯ ಮೈ, ರೋಗಿಗಳ ಆರೈಕೆಯ ಹೊಣೆ ಎರಡೂ ಅದಕ್ಕೆ ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ.

ಊರ ದಾರಿ

ಲಾಕ್‌ಡೌನ್ ಆದ ಮೂರು ನಾಲ್ಕು ದಿನಗಳಲ್ಲೇ ದಿಲ್ಲಿಯ ಆನಂದ ವಿಹಾರ್ ಬಸ್ ನಿಲ್ದಾಣದಲ್ಲಿ ಜನಸಾಗರ ಸೇರಿತು. ಬಸ್ಸು ಸಿಗದವರು ನಡೆದರು. ಕೇಂದ್ರ ಗೃಹ ಸಚಿವಾಲಯ ಮಾರ್ಚ್ 29ರಂದು ರಾಜ್ಯಗಳ ಗಡಿ ಮುಚ್ಚಿಸಿ, ಮಾಲೀಕರು ಪೂರ್ತಿ ಕೂಲಿ ಕೊಡಬೇಕು, ಮನೆ ಮಾಲೀಕರು ಒಂದು ತಿಂಗಳು ಬಾಡಿಗೆ ಕೇಳಬಾರದು ಎಂದು ಆದೇಶಿಸಿತು. ಕೂಲಿಯ ಆದೇಶ ಮೇ ಮಧ್ಯಕ್ಕೆ ರದ್ದಾಯಿತು. ಅದು ಜಾರಿಯಲ್ಲಿದ್ದಾಗಲೂ ನಡೆದದ್ದು ಬೇರೆಯೇ. ಸಿಕ್ಕಿಬಿದ್ದ ಕಾರ್ಮಿಕರ ಫೋನ್ ಕರೆಗಳಿಗೆ ಓಗೊಡಲು ಹುಟ್ಟಿಕೊಂಡ ಸ್ವಾನ್ ಎಂಬ ಸ್ವಯಂಸೇವಕರ ಜಾಲ ಏಪ್ರಿಲ್ ಮಧ್ಯದವರೆಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಮಾಹಿತಿ ಕಲೆಹಾಕಿತು. ಅವರಲ್ಲಿ ಶೇ. 96 ಮಂದಿಗೆ ಸರ್ಕಾರದ ಪಡಿತರ ಸಿಕ್ಕಿರಲಿಲ್ಲ, ಶೇ. 89 ಮಂದಿಗೆ ಲಾಕ್‌ಡೌನ್ ಅವಧಿಯ ಕೂಲಿ ಒಂದು ಪೈಸೆಯೂ ಬಂದಿರಲಿಲ್ಲ.

ಮೇ 8ರ ನಸುಕಿನಲ್ಲಿ ಮಹಾರಾಷ್ಟ್ರದ ಔರಂಗಾಬಾದ್ ಬಳಿ ಹಳಿಯ ಮೇಲೆ ಮಲಗಿದ್ದ 16 ಮಂದಿ ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಮಧ್ಯಪ್ರದೇಶದ ಊರುಗಳಿಗೆ ನಡೆದು ಹೊರಟವರು ಅವರು. ರೈಲುಗಳು ನಿಂತಿವೆ ಎಂದು ನಂಬಿದ್ದರು. ತೆಲಂಗಾಣದ ಮೆಣಸಿನಕಾಯಿ ಹೊಲಗಳಿಂದ ಛತ್ತೀಸಗಢಕ್ಕೆ ನಡೆಯುತ್ತಿದ್ದ 12 ವರ್ಷದ ಹುಡುಗಿಯೊಬ್ಬಳು ಊರಿಗೆ ಇನ್ನು ಸ್ವಲ್ಪವೇ ದಾರಿ ಇರುವಾಗ ಪ್ರಾಣ ಬಿಟ್ಟಳು. ಹೆದ್ದಾರಿಯ ಬದಿಯಲ್ಲಿ ಹೆರಿಗೆಯಾಗಿ, ಕೆಲ ಹೊತ್ತು ಸುಧಾರಿಸಿಕೊಂಡು, ಕೂಸನ್ನು ಎತ್ತಿಕೊಂಡು ಮತ್ತೆ ನಡೆದ ಬಾಣಂತಿಯರ ಸುದ್ದಿ ಒಂದಕ್ಕಿಂತ ಹೆಚ್ಚು ರಾಜ್ಯಗಳಿಂದ ಬಂತು. ನಡಿಗೆಯಲ್ಲಿ ಸತ್ತವರೆಷ್ಟು ಎಂದು ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಕೇಳಿದಾಗ ಕಾರ್ಮಿಕ ಸಚಿವಾಲಯ ಅಂಥ ಮಾಹಿತಿ ಇಟ್ಟಿಲ್ಲವೆಂದು ಉತ್ತರಿಸಿತು. ಒಂದು ಕೋಟಿಗೂ ಹೆಚ್ಚು ಕಾರ್ಮಿಕರು ಊರಿಗೆ ಮರಳಿದರೆಂಬ ಅಂಕಿ ಮಾತ್ರ ಅದರ ಬಳಿ ಇತ್ತು.

ಶ್ರಮಿಕ್ ವಿಶೇಷ ರೈಲುಗಳು ಮೇ 1ರಂದು ಶುರುವಾದವು. ಮೊದಲನೆಯದು ತೆಲಂಗಾಣದ ಲಿಂಗಂಪಲ್ಲಿಯಿಂದ ಜಾರ್ಖಂಡಿನ ಹಟಿಯಾಕ್ಕೆ ಹೊರಟಿತು. ಆಗಸ್ಟ್ ಅಂತ್ಯದೊಳಗೆ 4,621 ರೈಲುಗಳಲ್ಲಿ 63 ಲಕ್ಷಕ್ಕೂ ಹೆಚ್ಚು ಮಂದಿ ಪ್ರಯಾಣಿಸಿದರು. ಆ ರೈಲುಗಳಲ್ಲಿ 97 ಮಂದಿ ಸತ್ತರೆಂದು ರೈಲ್ವೆ ಸಚಿವರು ರಾಜ್ಯಸಭೆಗೆ ತಿಳಿಸಿದರು.

ಕರ್ನಾಟಕದ ನಡೆ ಇಲ್ಲಿ ಪ್ರತ್ಯೇಕವಾಗಿ ಹೇಳಬೇಕಾದದ್ದು. ಮೇ ಮೊದಲ ವಾರ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಊರಿಗೆ ಹೊರಟವರಿಂದ ಸಾರಿಗೆ ಬಸ್ಸುಗಳು ದುಪ್ಪಟ್ಟಿಗೂ ಹೆಚ್ಚು ದರ ಕೇಳಿದವು. ಗದ್ದಲವೆದ್ದು, ಕಾಂಗ್ರೆಸ್ ಪಕ್ಷ ಒಂದು ಕೋಟಿ ರೂಪಾಯಿಯ ಚೆಕ್ ಹಿಡಿದು ಬಂದ ಮೇಲೆ ಸರ್ಕಾರ ಪ್ರಯಾಣವನ್ನು ಉಚಿತಗೊಳಿಸಿತು. ಮೇ 5ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅದೇ ದಿನ, ಮರುದಿನದಿಂದ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ಕೂಲಿಯವರು ಹೋಗಿಬಿಟ್ಟರೆ ಕಟ್ಟಡಗಳ ಕೆಲಸ ನಿಲ್ಲುತ್ತದೆ ಎಂಬ ಆತಂಕ ಮುಚ್ಚುಮರೆಯಿಲ್ಲದೆ ಹೊರಬಿತ್ತು. ದೇಶವಿಡೀ ಟೀಕೆ ಬಂದು ಎರಡೇ ದಿನದಲ್ಲಿ ಆ ಪತ್ರವನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಷ್ಟು ದಿನ ಯಾವ ಪಟ್ಟಿಗೂ ಬಾರದಿದ್ದವರು ಹೊರಡುತ್ತೇವೆ ಎಂದ ಕ್ಷಣ ಎಲ್ಲರ ಲೆಕ್ಕಕ್ಕೂ ಬಂದುಬಿಟ್ಟದ್ದು ಹೀಗೆ.

ಹೊರಡಲು ಸೇವಾ ಸಿಂಧು ಪೋರ್ಟಲ್‌ನಲ್ಲಿ ನೋಂದಾಯಿಸಬೇಕಿತ್ತು. ಮೊಬೈಲ್ ಸಂಖ್ಯೆ, ಆಧಾರ್, ಬರುವ ಒಟಿಪಿ. ಮನೆಗೊಂದೇ ಫೋನ್ ಇರುವಲ್ಲಿ ಅದು ಗಂಡಸಿನ ಜೇಬಿನಲ್ಲಿರುತ್ತದೆ. ಗಂಡ ಇಲ್ಲದ, ಇದ್ದರೂ ಬೇರೆ ಊರಿನಲ್ಲಿ ಸಿಕ್ಕಿಕೊಂಡಿದ್ದ ಹೆಂಗಸರು ಪೊಲೀಸ್ ಠಾಣೆಯ ಮುಂದೆ ಮಕ್ಕಳನ್ನು ಕಟ್ಟಿಕೊಂಡು ಸಾಲು ನಿಂತರು.

ಹೊರಗೆ ದುಡಿಯುತ್ತಿದ್ದ ಕನ್ನಡಿಗರ ಕಥೆ ಇದರ ಇನ್ನೊಂದು ಮಗ್ಗುಲು. ಮುಂಬೈಯ ಹೋಟೆಲು, ಅಂಗಡಿಗಳಲ್ಲಿದ್ದ ಉಡುಪಿ ಮತ್ತು ಮಂಡ್ಯ ಜಿಲ್ಲೆಯವರು, ಅಲ್ಲಿನ ಕಟ್ಟಡಗಳಲ್ಲಿದ್ದ ಕಲಬುರಗಿ, ಯಾದಗಿರಿಯವರು ಮೇ ತಿಂಗಳಲ್ಲಿ ಮರಳಿದರು. ಪ್ರಕರಣಗಳು ಏರಿದಂತೆ ‘ಮುಂಬೈನಿಂದ ಬಂದವರು’ ಎನ್ನುವುದೇ ಒಂದು ಅಪವಾದವಾಯಿತು. ಮೇ 18ರಂದು ಕರ್ನಾಟಕವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳದಿಂದ ಬರುವವರಿಗೆ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಬಂದವರು ಹಳ್ಳಿಯ ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆದರು. ಎಳೆಕೂಸಿನ ತಾಯಂದಿರು, ತುಂಬು ಗರ್ಭಿಣಿಯರು ಹತ್ತಾರು ಮಂದಿಗೆ ಒಂದೇ ಶೌಚಾಲಯವಿರುವ ಕಟ್ಟಡಗಳಲ್ಲಿ ದಿನ ಎಣಿಸಿದರು. ಕೊಲ್ಲಿ ದೇಶಗಳಲ್ಲಿದ್ದ ಕರಾವಳಿಯವರಿಗಾಗಿ ದುಬೈನಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಬಂದದ್ದು ಮೇ 12ರಂದು.

ಅಕ್ಕಿ ಮತ್ತು ಹಣ

ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಡಿ 2020ರ ಏಪ್ರಿಲ್‌ನಿಂದ ಪಡಿತರದಾರರಿಗೆ ತಲಾ 5 ಕಿಲೋ ಧಾನ್ಯ ಉಚಿತವಾಗಿ ಸಿಕ್ಕಿತು. ಹಳ್ಳಿಯಲ್ಲಿ ಉಳಿದಿದ್ದ ಮನೆಗಳನ್ನು ಹಸಿವಿನಿಂದ ಕಾಪಾಡಿದ್ದು ಇದೇ. ಪಟ್ಟಣದಲ್ಲಿ ಸಿಕ್ಕಿಕೊಂಡವರಿಗೆ ಆ ಚೀಟಿ ಕಾಗದದ ಚೂರು. ಯಾವ ರಾಜ್ಯದಲ್ಲಿದ್ದರೂ ಪಡಿತರ ಪಡೆಯುವ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಕರ್ನಾಟಕ 2020ರ ಜನವರಿಯಲ್ಲೇ ಸೇರಿತ್ತು. ಆದರೆ ಇಲ್ಲಿಗೆ ದುಡಿಯಲು ಬರುವ ಬಿಹಾರ, ಉತ್ತರ ಪ್ರದೇಶ ಸೇರಿದ್ದು ಆ ವರ್ಷದ ಮೇನಲ್ಲಿ, ಪಶ್ಚಿಮ ಬಂಗಾಳ 2021ರಲ್ಲಿ, ಅಸ್ಸಾಂ ಎಲ್ಲರಿಗಿಂತ ಕೊನೆಗೆ 2022ರಲ್ಲಿ. ಚೀಟಿಯಿಲ್ಲದ 8 ಕೋಟಿ ವಲಸಿಗರಿಗೆ ಎರಡು ತಿಂಗಳು ಧಾನ್ಯ ಕೊಡುವುದಾಗಿ ಕೇಂದ್ರ ಪ್ರಕಟಿಸಿದ್ದು ಮೇ 14ರಂದು. ಆ ಹೊತ್ತಿಗೆ ಬಹಳ ಮಂದಿ ದಾರಿಯಲ್ಲಿದ್ದರು. ಯೋಜನೆ ಗುರಿ ಮುಟ್ಟಲೇ ಇಲ್ಲ.

ಮಹಿಳೆಯರ ಜನಧನ್ ಖಾತೆಗಳಿಗೆ ಮೂರು ತಿಂಗಳು ತಿಂಗಳಿಗೆ 500 ರೂಪಾಯಿ ಜಮೆಯಾಯಿತು. ಸುಮಾರು 20 ಕೋಟಿ ಖಾತೆಗಳಿಗೆ ಹಣ ಹೋದದ್ದು ದೊಡ್ಡ ಸಂಗತಿಯೇ. ಖಾತೆಯಿಲ್ಲದ ಬಡ ಹೆಂಗಸರಿಗೆ ಏನೂ ಬರಲಿಲ್ಲ. ಕರ್ನಾಟಕ ಸರ್ಕಾರ ಮೇನಲ್ಲಿ ಘೋಷಿಸಿದ 1,610 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಇತ್ತು. ಹೆಚ್ಚುಕಮ್ಮಿ ಎಲ್ಲವೂ ಗಂಡಸರ ಕಸುಬು. ಮನೆಗೆಲಸದವರು ಸರ್ಕಾರದ ಪಟ್ಟಿಗೆ ಬಂದದ್ದು 2021ರ ಎರಡನೇ ಅಲೆಯ ಪ್ಯಾಕೇಜಿನಲ್ಲಿ, 2,000 ರೂಪಾಯಿಗೆ.

ಊರಿಗೆ ಮರಳಿದವರ ಕೈಹಿಡಿದದ್ದು ಉದ್ಯೋಗ ಖಾತರಿ ಯೋಜನೆ. 2020-21ರಲ್ಲಿ ದೇಶದಲ್ಲಿ ದಾಖಲೆಯ 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಕರ್ನಾಟಕದಲ್ಲಿ ಆಗ ಕೂಲಿ ದಿನಕ್ಕೆ 275 ರೂಪಾಯಿ, ಹೆಣ್ಣಿಗೂ ಗಂಡಿಗೂ ಸಮ. ಬೆಂಗಳೂರಲ್ಲಿ ಟೈಲ್ಸ್ ಕೂರಿಸುತ್ತಿದ್ದವರೂ ಕೆರೆ ಹೂಳೆತ್ತಲು ಸಲಿಕೆ ಹಿಡಿದರು. ಇದರ ಒಂದು ಅಡ್ಡಪರಿಣಾಮವನ್ನು ಯಾರೂ ಹೆಚ್ಚು ಗಮನಿಸಲಿಲ್ಲ: ದೇಶದ ಲೆಕ್ಕದಲ್ಲಿ ಈ ಯೋಜನೆಯ ಮಾನವ ದಿನಗಳಲ್ಲಿ ಹೆಂಗಸರ ಪಾಲು ಶೇ. 55ರ ಹತ್ತಿರದಿಂದ ಶೇ. 53ಕ್ಕೆ ಇಳಿಯಿತು.

ಗಾರ್ಮೆಂಟ್ ಮತ್ತು ಮನೆಗೆಲಸ

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ರಾಮನಗರ, ಮದ್ದೂರಿನವರೆಗೆ ಹಬ್ಬಿದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರು ಬಹುಪಾಲು ಹೆಂಗಸರು. ಹಳೆ ಮೈಸೂರಿನ ಹಳ್ಳಿಗಳಿಂದ ದಿನವೂ ಬರುವವರು, ಉತ್ತರ ಕರ್ನಾಟಕದಿಂದ ಬಂದು ಒಂದು ಕೋಣೆಯ ಬಾಡಿಗೆ ಮನೆಯಲ್ಲಿರುವವರು, ಒಡಿಶಾ ಮತ್ತು ಜಾರ್ಖಂಡಿನಿಂದ ಬಂದು ಹಾಸ್ಟೆಲುಗಳಲ್ಲಿರುವ ಹುಡುಗಿಯರು. ಯುರೋಪ್, ಅಮೆರಿಕದ ಬ್ರ್ಯಾಂಡುಗಳು ಆರ್ಡರ್ ರದ್ದು ಮಾಡಿದಾಗ ಏಟು ಬಿದ್ದದ್ದು ಇವರಿಗೆ. ಕಾರ್ಖಾನೆ ತೆರೆದ ಮೇಲೂ ಬಸ್ಸಿಲ್ಲ, ಶಾಲೆ ಅಂಗನವಾಡಿ ಮುಚ್ಚಿದ್ದರಿಂದ ಮಕ್ಕಳನ್ನು ಬಿಟ್ಟುಬರಲು ಜಾಗವಿಲ್ಲ. ಬರಲಾಗದವರಲ್ಲಿ ಎಷ್ಟೋ ಮಂದಿ ರಾಜೀನಾಮೆ ಕೊಟ್ಟು ಪಿಎಫ್ ಹಣ ತೆಗೆದರು. ಕಾಗದದ ಮೇಲೆ ಅದು ಸ್ವಇಚ್ಛೆಯ ನಿರ್ಗಮನ. ಶ್ರೀರಂಗಪಟ್ಟಣದ ಒಂದು ಕಾರ್ಖಾನೆ 2020ರ ಜೂನ್‌ನಲ್ಲಿ ಸುಮಾರು 1,200 ಮಂದಿಯನ್ನು ಏಕಾಏಕಿ ಹೊರಹಾಕಿದಾಗ ಮಾತ್ರ ಹೆಂಗಸರು ಗೇಟಿನ ಮುಂದೆ ವಾರಗಟ್ಟಲೆ ಕೂತರು. ವಿಷಯ ವಿದೇಶಿ ಬ್ರ್ಯಾಂಡಿನವರೆಗೆ ಹೋಗಿ ಕೊನೆಗೆ ಒಪ್ಪಂದವಾಯಿತು.

ಇದೇ ಹೊತ್ತಿನಲ್ಲಿ ರಾಜ್ಯ ಸರ್ಕಾರ ದಿನದ ದುಡಿಮೆಯನ್ನು 10 ತಾಸಿಗೆ, ವಾರದ್ದನ್ನು 60 ತಾಸಿಗೆ ಏರಿಸಲು ಮೇ 22ರಂದು ಅಧಿಸೂಚನೆ ಹೊರಡಿಸಿ, ಹೈಕೋರ್ಟಿನಲ್ಲಿ ಪ್ರಶ್ನೆಯಾದ ಮೇಲೆ ಜೂನ್‌ನಲ್ಲಿ ವಾಪಸ್ ಪಡೆಯಿತು. ಆ ವರ್ಷದ ತುಟ್ಟಿಭತ್ಯೆಯನ್ನು ಮುಂದೂಡಿದ ಆದೇಶಕ್ಕೂ ಹೈಕೋರ್ಟ್ ತಡೆ ಕೊಟ್ಟಿತು.

ಮನೆಗೆಲಸದವರಿಗೆ ಗೇಟೂ ಇಲ್ಲ, ಆದೇಶದ ಪ್ರತಿಯೂ ಇಲ್ಲ. ಅಪಾರ್ಟ್‌ಮೆಂಟಿನ ಸಂಘ ವಾಟ್ಸ್‌ಆ್ಯಪ್‌ನಲ್ಲಿ ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂದು ತೀರ್ಮಾನಿಸಿದರೆ ಮುಗಿಯಿತು. ಕೆಲವು ಮನೆಯವರು ಕೆಲಸ ಮಾಡಿಸದೆಯೂ ಸಂಬಳ ಕೊಟ್ಟರು, ಅದನ್ನೂ ಹೇಳಬೇಕು. ಬಹಳ ಮಂದಿ ಒಂದು ತಿಂಗಳು ಕೊಟ್ಟು ಸುಮ್ಮನಾದರು. ಮತ್ತೆ ಕರೆದಾಗ ಐದು ಮನೆಯ ಕೆಲಸ ಎರಡು ಮನೆಗೆ ಇಳಿದಿತ್ತು, ಅಷ್ಟರೊಳಗೆ ಎಷ್ಟೋ ಮನೆಗಳಿಗೆ ಪಾತ್ರೆ ತೊಳೆಯುವ ಯಂತ್ರ ಬಂದಿತ್ತು.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2021ರ ವರದಿ ಈ ಅಂತರವನ್ನು ಅಂಕಿಯಲ್ಲಿ ಹಿಡಿದಿದೆ. ಲಾಕ್‌ಡೌನ್‌ನಲ್ಲಿ ಕೆಲಸ ಕಳೆದುಕೊಂಡು 2020ರ ಅಂತ್ಯದವರೆಗೂ ಮರಳದವರು ಗಂಡಸರಲ್ಲಿ ಶೇ. 7, ಹೆಂಗಸರಲ್ಲಿ ಶೇ. 47. ಇದಕ್ಕೆ ತದ್ವಿರುದ್ಧವೆಂಬಂತೆ ಸರ್ಕಾರಿ ಸಮೀಕ್ಷೆಗಳಲ್ಲಿ ದುಡಿಯುವ ಮಹಿಳೆಯರ ಪ್ರಮಾಣ ಆ ವರ್ಷಗಳಲ್ಲಿ ಏರಿದೆ. ಎರಡರಲ್ಲಿ ಒಂದು ಸುಳ್ಳಾಗಬೇಕಿಲ್ಲ. ಸಂಬಳದ ಕೆಲಸ ಹೋದವರು ಹೊಲಕ್ಕೋ ಮನೆಯ ಅಂಗಡಿಗೋ ಇಳಿದರೆ ಸಮೀಕ್ಷೆ ಅದನ್ನೂ ಉದ್ಯೋಗವೆಂದೇ ಎಣಿಸುತ್ತದೆ, ಕೂಲಿ ಸಿಗಲಿ ಬಿಡಲಿ.

ಮನೆಯೊಳಗೆ

2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ವ್ಯಯಿಸುವ ಹೊತ್ತು 299 ನಿಮಿಷ, ಗಂಡಸರದು 97. ಎಲ್ಲರೂ ಮನೆಯಲ್ಲೇ ಕೂತ ತಿಂಗಳುಗಳಲ್ಲಿ ಈ ಭಾರ ಏರಿತು. ವಿಶ್ವಸಂಸ್ಥೆಯ ಮಹಿಳಾ ವಿಭಾಗ ಮನೆಯೊಳಗಿನ ಹಿಂಸೆಯನ್ನು ‘ನೆರಳಿನ ಸಾಂಕ್ರಾಮಿಕ’ ಎಂದು ಕರೆಯಿತು. ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಲಾಕ್‌ಡೌನ್ ಹಿಂದಿನ 25 ದಿನಗಳಲ್ಲಿ 123 ಕೌಟುಂಬಿಕ ಹಿಂಸೆಯ ದೂರು ಬಂದಿದ್ದರೆ, ಮಾರ್ಚ್ 23ರಿಂದ ಏಪ್ರಿಲ್ 16ರವರೆಗೆ 239 ಬಂದವು. ಬಡವರ ಮನೆಯ ದೂರುಗಳು ಅಂಚೆಯಲ್ಲಿ ಬರುವುದೇ ಹೆಚ್ಚು, ಅಂಚೆ ಆಗ ಕುಂಟುತ್ತಿತ್ತು. ಏಪ್ರಿಲ್‌ನಲ್ಲಿ ಆಯೋಗ ವಾಟ್ಸ್‌ಆ್ಯಪ್ ಸಂಖ್ಯೆ ಕೊಟ್ಟಿತು. ಹೊಡೆಯುವವನ ಕಣ್ಣೆದುರೇ ಅದನ್ನು ಬಳಸುವುದು ಹೇಗೆಂಬುದು ಉಳಿಯಿತು. ಮೇ 4ರಂದು ಕರ್ನಾಟಕದಲ್ಲಿ ಮದ್ಯದಂಗಡಿ ತೆರೆದಾಗ ಸಾಲುಗಳು ಕಿಲೋಮೀಟರುದ್ದ ಬೆಳೆದವು. ಆ ಹಣ ಯಾವ ಡಬ್ಬಿಯಿಂದ ಬಂತೆಂಬುದು ಹೆಂಗಸರಿಗೆ ಗೊತ್ತಿತ್ತು.

ಇಲ್ಲೊಂದು ಎಚ್ಚರಿಕೆ ಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ; ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ಈ ಏರಿಕೆಯನ್ನು ಕೋವಿಡ್ ತಲೆಗೆ ಕಟ್ಟುವುದುಂಟು. ರಾಜ್ಯದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ದ್ವಿತೀಯಾರ್ಧದಲ್ಲಿ. ವೈರಾಣು ಬರುವ ಮೊದಲೇ ಮನೆಗಳು ಹಾಗಿದ್ದವು.

ಆರೋಗ್ಯದ ಕಡೆ, ಸ್ಯಾನಿಟರಿ ಪ್ಯಾಡುಗಳೂ ಅಗತ್ಯ ವಸ್ತುಗಳಲ್ಲಿ ಸೇರಿವೆ ಎಂದು ಕೇಂದ್ರ ಸ್ಪಷ್ಟಪಡಿಸಿದ್ದು ಲಾಕ್‌ಡೌನ್ ಶುರುವಾಗಿ ಕೆಲವು ದಿನಗಳಾದ ಮೇಲೆ. ಮೊದಲ ಮೂರು ತಿಂಗಳಲ್ಲಿ ದೇಶದಲ್ಲಿ ಸುಮಾರು 18.5 ಲಕ್ಷ ಗರ್ಭಪಾತಗಳಿಗೆ ಸಕಾಲದ ವೈದ್ಯಸೇವೆ ತಪ್ಪಿತೆಂದು ಐಪಾಸ್ ಸಂಸ್ಥೆ ಅಂದಾಜಿಸಿದೆ. ಶಾಲೆ ಮುಚ್ಚಿ, ಕಡಿಮೆ ಖರ್ಚಿನಲ್ಲಿ ಮದುವೆ ಮುಗಿಸಬಹುದಾದ್ದರಿಂದ ಬಾಲ್ಯವಿವಾಹಗಳೂ ನಡೆದವು. ಸ್ವಸಹಾಯ ಗುಂಪು, ಮೈಕ್ರೋಫೈನಾನ್ಸ್ ಸಾಲಗಳು ಹೆಂಗಸರ ಹೆಸರಿನಲ್ಲಿರುತ್ತವೆ. ರಿಸರ್ವ್ ಬ್ಯಾಂಕ್ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು, ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಸಾಲದ ಈ ಒಂದು ಪಟ್ಟಿಯಲ್ಲಿ ಅವರ ಹೆಸರು ಎಂದೂ ತಪ್ಪಿರಲಿಲ್ಲ.

ಆಶಾ, ಪೌರಕಾರ್ಮಿಕರು

ಎಲ್ಲರಿಗೂ ಮನೆಯಲ್ಲಿರಿ ಎಂದಾಗ ಮನೆಮನೆಗೆ ಹೋದವರು ಆಶಾ ಕಾರ್ಯಕರ್ತೆಯರು. ಕರ್ನಾಟಕದಲ್ಲಿ ಅವರು ಸುಮಾರು 42 ಸಾವಿರ. ಗುಲಾಬಿ ಸೀರೆ, ಕೈಯಲ್ಲಿ ರಿಜಿಸ್ಟರು, ಆರಂಭದಲ್ಲಿ ದುಪ್ಪಟ್ಟಾ ಅಥವಾ ಸೆರಗೇ ಮಾಸ್ಕು. ಜ್ವರವಿದೆಯೇ, ಹೊರಗಿನಿಂದ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಬೇಕು. ಊರವರಿಗೆ ಇವರೇ ರೋಗ ತರುವವರಂತೆ ಕಂಡದ್ದೂ ಉಂಟು. ಬೆಂಗಳೂರಿನಲ್ಲಿ ಏಪ್ರಿಲ್ ಮೊದಲ ವಾರ ಸಮೀಕ್ಷೆಗೆ ಹೋದವರ ಮೇಲೆ ಹಲ್ಲೆಯಾಯಿತು. ಸರ್ಕಾರ ಇವರನ್ನು ನೌಕರರೆನ್ನುವುದಿಲ್ಲ. ಕೊಡುವುದು ಗೌರವಧನ, ಪ್ರೋತ್ಸಾಹಧನ. ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಬೇಕೆಂದು 2020ರ ಜುಲೈನಲ್ಲಿ ರಾಜ್ಯದ ಆಶಾಗಳು ಕೆಲಸ ನಿಲ್ಲಿಸಿದರು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿಯಿಂದ ಗೌರವಿಸಿತು. ಬೆಂಗಳೂರಿನ ಬೀದಿ ಗುಡಿಸುವ ಪೌರಕಾರ್ಮಿಕರಲ್ಲೂ ಹೆಚ್ಚಿನವರು ದಲಿತ ಹೆಂಗಸರು. ಅವರಿಗೆ ಒಂದು ದಿನವೂ ಲಾಕ್‌ಡೌನ್ ಇರಲಿಲ್ಲ.

ನಂತರದ ಪಟ್ಟಿಗಳು

ಸುಪ್ರೀಂ ಕೋರ್ಟ್ ವಲಸಿಗರ ವಿಷಯವನ್ನು ತಾನಾಗಿ ಎತ್ತಿಕೊಂಡದ್ದು 2020ರ ಮೇ 26ರಂದು, ಲಾಕ್‌ಡೌನ್ ಶುರುವಾಗಿ ಎರಡು ತಿಂಗಳಾದ ಮೇಲೆ. ಎಲ್ಲರನ್ನೂ 15 ದಿನದೊಳಗೆ ಊರು ಮುಟ್ಟಿಸಬೇಕೆಂದು ಜೂನ್ 9ರಂದು ಹೇಳಿತು. 2021ರ ಜೂನ್ 29ರ ತೀರ್ಪಿನಲ್ಲಿ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು, ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ದತ್ತಾಂಶ ಸಿದ್ಧವಾಗಬೇಕು ಎಂದು ಗಡುವು ಹಾಕಿತು. ಅದೇ ವರ್ಷದ ಆಗಸ್ಟ್ 26ರಂದು ಇ-ಶ್ರಮ್ ಪೋರ್ಟಲ್ ಬಂತು. ಅದರಲ್ಲಿ ಈಗ 30 ಕೋಟಿಗೂ ಹೆಚ್ಚು ಮಂದಿ ನೋಂದಾಯಿಸಿದ್ದಾರೆ, ಅರ್ಧಕ್ಕಿಂತ ಹೆಚ್ಚು ಮಹಿಳೆಯರು. ಕೃಷಿ ಕೂಲಿ, ಮನೆಗೆಲಸ ಎಂದು ಅವರ ಕಸುಬನ್ನು ಅವರದೇ ಹೆಸರಿನ ಮುಂದೆ ಬರೆದ ಮೊದಲ ದೊಡ್ಡ ಪಟ್ಟಿ ಇದು ಎನ್ನಬಹುದು. ನೋಂದಣಿಯಿಂದ ಏನು ಸಿಗುತ್ತದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. 1979ರ ವಲಸೆ ಕಾಯ್ದೆಯನ್ನು 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆಯೊಳಗೆ ಸೇರಿಸಲಾಗಿದೆ.

2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೋವಿಡ್ ಕಾರಣಕ್ಕೆ ಮುಂದೆ ಹೋಗಿ, 2027ರ ಮಾರ್ಚ್ 1 ಅದರ ಆಧಾರ ದಿನಾಂಕವೆಂದು ನಿಗದಿಯಾಗಿದೆ. ಅಲ್ಲಿಯವರೆಗೆ ದೇಶದ ವಲಸಿಗರೆಷ್ಟು ಎಂಬ ಪ್ರಶ್ನೆಗೆ ಗಣತಿಯಿಂದ ಸಿಗುವ ಉತ್ತರ 2011ರದೇ.